ಹಾರ್ಬಿನ್ ಚಳಿಗೆ ಹೊರಟವರು ಆ್ಯಪ್ ಒಂದನ್ನೇ ನಂಬಬೇಡಿ

ಜನವರಿಯಲ್ಲಿ ಚೀನಾದ ಹಾರ್ಬಿನ್ ಐಸ್ ಉತ್ಸವಕ್ಕೆ ಹೊರಡುವವರೆಲ್ಲ ಜಾಕೆಟ್ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ. ಭಾಷೆಯ ಮಾತು ಬಂದರೆ ಮಾತ್ರ "ಟ್ರಾನ್ಸ್‌ಲೇಟರ್ ಆ್ಯಪ್ ಇದೆಯಲ್ಲ" ಅಂತ ಮುಗಿಸಿಬಿಡುತ್ತಾರೆ. ಏಪ್ರಿಲ್ ತಿಂಗಳ ಶಾಂಘೈಗೆ ಈ ಉತ್ತರ ಸಾಕು. ಜನವರಿಯ ಹಾರ್ಬಿನ್‌ಗೆ ಸಾಲದು. ಅಲ್ಲಿ ರಾತ್ರಿ ಮೈನಸ್ 25 ಡಿಗ್ರಿ ಅಂದರೆ ಮಾಮೂಲಿ ರಾತ್ರಿ, ಆ ಚಳಿಗೆ ಮೊದಲು ಕೈಕೊಡುವುದೇ ಫೋನು. ದುಡ್ಡು, ಮ್ಯಾಪು, ಟ್ಯಾಕ್ಸಿ, ಅನುವಾದ ಎಲ್ಲವೂ ಇರುವುದು ಅದರೊಳಗೆ. ಒಂದು ಹದಿನೈದು ಮಾತು ಬಾಯಿಗೆ ಬರುವಷ್ಟಾದರೂ ಮ್ಯಾಂಡರಿನ್ ಕಲಿತು ಹೋಗಿ ಅನ್ನುವುದು ಅದಕ್ಕೇ.

ಫೋನ್ ಯಾಕೆ ಸಾಯುತ್ತದೆ? ಲಿಥಿಯಂ ಬ್ಯಾಟರಿಯ ಒಳಗಿನ ರೋಧ ಚಳಿಯಲ್ಲಿ ಏರುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಪರದೆ 40 ಪರ್ಸೆಂಟ್ ತೋರಿಸುತ್ತಿದ್ದಾಗಲೇ ಫೋನ್ ಆಫ್. ಬೆಚ್ಚಗಾದರೆ ಚಾರ್ಜು ವಾಪಸ್ ಕಾಣಿಸುತ್ತದೆ ನಿಜ, ಆದರೆ ತಣ್ಣಗಿರುವಾಗಲೇ ಪವರ್‌ಬ್ಯಾಂಕ್ ಚುಚ್ಚಿದರೆ ಬ್ಯಾಟರಿಗೆ ಶಾಶ್ವತ ಪೆಟ್ಟು. ಫೋನು, ಪವರ್‌ಬ್ಯಾಂಕು ಎರಡೂ ಜಾಕೆಟ್ಟಿನ ಒಳಜೇಬಿನಲ್ಲಿರಲಿ. ಇನ್ನೊಂದು ವಿಷಯ: 2025ರ ಜೂನ್ 28ರಿಂದ ಚೀನಾದ ಒಳನಾಡಿನ ವಿಮಾನಗಳಲ್ಲಿ 3ಸಿ ಗುರುತು (ಚೀನಾದ ಸುರಕ್ಷತಾ ಪ್ರಮಾಣದ ಮುದ್ರೆ) ಇಲ್ಲದ ಪವರ್‌ಬ್ಯಾಂಕ್ ಒಯ್ಯುವಂತಿಲ್ಲ. ನಮ್ಮಲ್ಲಿ ಕೊಂಡವುಗಳ ಮೇಲೆ ಆ ಗುರುತು ಇರುವುದು ಅಪರೂಪ. ಬೀಜಿಂಗ್‌ನಿಂದ ಹಾರ್ಬಿನ್‌ಗೆ ಹೈಸ್ಪೀಡ್ ರೈಲಿನಲ್ಲಿ ಹೋದರೆ ಸುಮಾರು 5 ಗಂಟೆ, ಈ ತಲೆನೋವೂ ಇಲ್ಲ.

ಈಗ ಭಾಷೆ. ಮ್ಯಾಂಡರಿನ್ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಓದಿ ಕಲಿಯುವುದಕ್ಕಿಂತ ಕನ್ನಡದಲ್ಲಿ ಬರೆದುಕೊಂಡು ಕಲಿಯುವುದು ವಾಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಿನ್‌ಯಿನ್‌ನ ಬಿ ಅಕ್ಷರದ ಉಚ್ಚಾರ ಬ ಅಲ್ಲ, ಅದು ನಮ್ಮ ಪ. ಪಿ ಅಂದರೆ ಮಹಾಪ್ರಾಣದ ಫ. ಹಾಗೆಯೇ ಡಿ ಅಂದರೆ ತ, ಟಿ ಅಂದರೆ ಥ, ಜಿ ಅಂದರೆ ಕ, ಕೆ ಅಂದರೆ ಖ, ಜೆ ಅಂದರೆ ಚ, ಕ್ಯೂ ಅಂದರೆ ಛ, ಎಕ್ಸ್ ಅಂದರೆ ಶ. ಇಂಗ್ಲಿಷ್ ಬಲ್ಲವರು ಒದ್ದಾಡುವ ಈ ಅಲ್ಪಪ್ರಾಣ-ಮಹಾಪ್ರಾಣ ಭೇದ ನಮ್ಮ ವರ್ಣಮಾಲೆಯಲ್ಲೇ ಇದೆ. (ಮಹಾಪ್ರಾಣವನ್ನು ನಾವು ಬರೆಯುತ್ತೇವೆಯೇ ಹೊರತು ಮಾತಿನಲ್ಲಿ ನುಂಗಿಬಿಡುತ್ತೇವೆ. ಅಲ್ಲಿ ನುಂಗಿದರೆ ಬೇರೆ ಪದವೇ ಆಗುತ್ತದೆ.) ಇಂಗ್ಲಿಷಿನ ಎಫ್ ಸದ್ದಿಗೆ ಕೆಳಗೆ ಫ಼ ಅಂತ ಚುಕ್ಕಿ ಹಾಕಿದ್ದೇನೆ. ಛ್, ಷ್, ಸ್ ಅಂತ ಬರೆದಲ್ಲಿ ಸ್ವರ ಕೇಳಿಸಿಯೂ ಕೇಳಿಸದಂತೆ ಆ ವ್ಯಂಜನವನ್ನೇ ಎಳೆಯಬೇಕು.

ಕೆಳಗಿನ ಮಾತುಗಳ ಪಕ್ಕದ ಅಂಕಿ ಟೋನ್, ಅಂದರೆ ದನಿಯ ಏರಿಳಿತ. ಅದು ಬದಲಾದರೆ ಅರ್ಥವೂ ಬದಲು. 1 ಎತ್ತರದಲ್ಲಿ ಸಪಾಟು. 2 "ಹೌದಾ?" ಅಂದ ಹಾಗೆ ಮೇಲೇರುತ್ತದೆ. 3 ಗಂಟಲ ತಳದಲ್ಲೇ ಉಳಿಯುತ್ತದೆ. 4 ಗದರಿದ ಹಾಗೆ ಕೆಳಗೆ ಬೀಳುತ್ತದೆ. ಅಂಕಿ ಇಲ್ಲದ್ದನ್ನು ಹಗುರಾಗಿ ಬಿಡಿ. ಎರಡು 3 ಒಟ್ಟಿಗೆ ಬಂದರೆ ಮೊದಲನೆಯದು 2 ಆಗುತ್ತದೆ. "ಬೇಡ"ದ ಪು4 ಕೂಡ ಇನ್ನೊಂದು 4ರ ಮುಂದೆ ಪು2. ಕೆಳಗಿನವನ್ನು ಆಡುವ ಹಾಗೆಯೇ ಬರೆದಿದ್ದೇನೆ.

"ನೀ ಹಾವ್" (ನಮಸ್ಕಾರ), "ವೋ ಆಯ್ ನೀ" (ನಿನ್ನನ್ನು ಪ್ರೀತಿಸುತ್ತೇನೆ) ಕಲಿತು ಹೋಗುವವರ ಕಷ್ಟ ಏನೆಂದರೆ ಆಮೇಲೆ ಎದುರಿನವರು ಹೇಳಿದ್ದು ಒಂದೂ ತಿಳಿಯುವುದಿಲ್ಲ. ಉತ್ತರ ಎರಡೇ ಪದದಲ್ಲಿ ಮುಗಿಯುವಂಥ ಪ್ರಶ್ನೆ ಕಲಿಯಿರಿ. ಚ4ಕ ಯೋ3 ರೋ4 ಮಾ? ಇದರಲ್ಲಿ ಮಾಂಸ ಇದೆಯಾ? ಉತ್ತರ ಯೋ3 ಅಂದರೆ ಇದೆ, ಮೇಯ್2ಯೋ3 ಅಂದರೆ ಇಲ್ಲ. "ಇದೆಯಾ?" ಅಂದರೆ "ಇದೆ" ಅಂತ ಕ್ರಿಯಾಪದವನ್ನೇ ಮರಳಿಸುವ ನಮ್ಮ ರೂಢಿಯೇ ಅವರದ್ದೂ. ಕೊನೆಯ ಮಾ ನಮ್ಮ "-ಆ" ಮಾಡುವ ಕೆಲಸವನ್ನೇ ಮಾಡುತ್ತದೆ.

ಸಸ್ಯಾಹಾರಿಗಳಿಗೆ ವೋ3 ಛ್1 ಸು4 (ನಾನು ಸಸ್ಯಾಹಾರಿ) ಒಂದೇ ಸಾಲದು. ತಟ್ಟೆಯಲ್ಲಿ ಮಾಂಸದ ತುಂಡು ಇರುವುದಿಲ್ಲ, ಆದರೆ ಬೇಯಿಸಿದ್ದು ಮೂಳೆ ಸಾರಿನಲ್ಲಿ, ಒಗ್ಗರಣೆ ಹಂದಿ ಕೊಬ್ಬಿನಲ್ಲಿ. ಅಡುಗೆಯವರಿಗೆ ಅದು ಮೋಸವಲ್ಲ, ಅವರ ಲೆಕ್ಕದಲ್ಲಿ ಅದು ತರಕಾರಿ ಖಾದ್ಯವೇ. ಬಿಡಿಸಿ ಹೇಳಬೇಕು: ಪು2 ಯಾವ್4 ರೋ4, ಮಾಂಸ ಬೇಡ. ಪು2 ಯಾವ್4 ರೋ4ಥಾಂಗ್1, ಮಾಂಸದ ಸಾರು ಬೇಡ. ಪು2 ಯಾವ್4 ಚು1ಯೋ2, ಹಂದಿ ಕೊಬ್ಬು ಬೇಡ. ಮೊಟ್ಟೆಗೆ ಚಿ1ತಾನ್4. ಥಾಂಗ್ ಅನ್ನು 2ರಲ್ಲಿ ಹೇಳಿದರೆ ಸಕ್ಕರೆ ಆಗುತ್ತದೆ, ಎಚ್ಚರ. ಹೆಸರು ಹಿಡಿದೇ ಕೇಳಬಹುದಾದವು ಎರಡು: ತಿ4ಸಾನ್1ಶಿಯೆನ್1, ಅಂದರೆ ಆಲೂಗಡ್ಡೆ, ಬದನೆ, ದೊಣ್ಣೆಮೆಣಸಿನಕಾಯಿ ಹುರಿದು ಬೆರೆಸಿದ ಆ ಸೀಮೆಯದೇ ಖಾದ್ಯ. ಇನ್ನೊಂದು ಥು3ತೋ4ಸ್1, ಎಳೆ ಎಳೆ ಹೆಚ್ಚಿದ ಆಲೂಗಡ್ಡೆ ಪಲ್ಯ. ಅನ್ನಕ್ಕೆ ಮಿ3ಫ಼ಾನ್4. ತರಕಾರಿ ನಾವೇ ಆರಿಸಿ ತೂಕಕ್ಕೆ ಹಾಕಿಸುವ ಮಾಲಾಥಾಂಗ್ ಅಂಗಡಿ ಕಂಡು ಹಿಗ್ಗಬೇಡಿ, ಅಲ್ಲಿನ ಸಾರು ಸಾಮಾನ್ಯವಾಗಿ ಮೂಳೆಯದ್ದು.

ಬೀದಿಯ ಮಾತುಗಳು ಕಡಿಮೆ. ಟ್ಯಾಕ್ಸಿಯವರನ್ನು ಷ್1ಫ಼ು ಅಂತ ಕರೆಯಿರಿ, ಹೋಟೆಲಿನ ಚೀನೀ ವಿಳಾಸದ ಕಾರ್ಡ್ ತೋರಿಸಿ ತಾವ್4 ಚರ್4 (ಇಲ್ಲಿಗೆ) ಅನ್ನಿ. ಟಾಯ್ಲೆಟ್ ಎಲ್ಲಿ: ಶಿ2ಷೋ3ಚಿಯೆನ್1 ತ್ಸಾಯ್4 ನಾರ್3? ಬಿಸಿನೀರು ರ4ಷುಯ್3, ರೈಲಿನಲ್ಲೂ ನಿಲ್ದಾಣದಲ್ಲೂ ಪುಕ್ಕಟೆ. ಫೋನ್ ಸತ್ತರೆ ಮೇಯ್2 ತಿಯೆನ್4 ಲ, ಚಾರ್ಜ್ ಇಲ್ಲ. ಖ2ಯಿ3 ಯುಂಗ್4 ಶಿಯೆನ್4ಚಿನ್1 ಮಾ, ನಗದು ಕೊಡಬಹುದಾ? ಅಂಗಡಿಯವರು ನಗದು ಬೇಡ ಅನ್ನುವಂತಿಲ್ಲ, ನಿಯಮವಿದೆ. ಚಿಲ್ಲರೆ ಇರುತ್ತದೆ ಅಂತ ಮಾತ್ರ ಹೇಳಲಾಗದು. 10, 20 ಯುವಾನ್ ನೋಟು ಇಟ್ಟುಕೊಳ್ಳಿ.

ಬಟ್ಟೆಯದ್ದು ಎಲ್ಲರೂ ಬರೆದಿದ್ದಾರೆ, ಎರಡೇ ಮಾತು. ಒಳಗೆ ಹತ್ತಿ ಬನಿಯನ್ ಬೇಡ. ಕಟ್ಟಡಗಳ ಒಳಗೆ ಹೀಟಿಂಗ್ ಜೋರು, ಬೆವರುತ್ತೀರಿ. ಹತ್ತಿ ಆ ಬೆವರನ್ನು ಹಿಡಿದಿಟ್ಟು ಹೊರಗೆ ಬಂದೊಡನೆ ಮೈ ಕೊರೆಯುತ್ತದೆ. ನುವಾನ್2ಪಾವ್3ಪಾವ್ ಅನ್ನುವ ಶಾಖದ ಪಟ್ಟಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. 50 ಡಿಗ್ರಿ ದಾಟುವ ವಸ್ತು, ಬಟ್ಟೆಯ ಮೇಲೆ ಅಂಟಿಸಿ, ಚರ್ಮಕ್ಕಲ್ಲ. ಅದರೊಳಗಿನ ಕಬ್ಬಿಣದ ಪುಡಿಗೆ ಗಾಳಿ ಬೇಕು. ಬಿಗಿ ಶೂ ಒಳಗೆ ಅದು ಬೇಗ ತಣ್ಣಗಾಗುವುದು ಇದೇ ಕಾರಣಕ್ಕೆ. ಶೂ ಒಂದು ಸೈಜ್ ದೊಡ್ಡದಿರಲಿ. ತುಟಿಗೆ ಕೊಬ್ಬರಿ ಎಣ್ಣೆ ಒಯ್ಯಬೇಡಿ, ಕಲ್ಲಾಗುತ್ತದೆ. ವ್ಯಾಸಲೀನ್ ಸಾಕು.

ಇನ್ನು ಬೆಲೆ. ತುವೋ1ಷಾವ್ ಛಿಯೆನ್2, ಎಷ್ಟು? ಸ್4 ಅಂದರೆ ನಾಲ್ಕು, ಷ್2 ಅಂದರೆ ಹತ್ತು. ಹಾರ್ಬಿನ್ ಇರುವ ಈಶಾನ್ಯ ಚೀನಾದ ಕೆಲವರ ಬಾಯಲ್ಲಿ ಷ-ಸ ಬೆರೆಯುವುದರಿಂದ ಕಿವಿ ಟೋನ್ ಮೇಲೆಯೇ ಇರಲಿ. ಅನುಮಾನ ಬಂದರೆ ಅವರೇ ಒಂದೇ ಕೈಯಲ್ಲಿ ತೋರಿಸುತ್ತಾರೆ: ಹೆಬ್ಬೆರಳು-ಕಿರುಬೆರಳು ಚಾಚಿದರೆ 6, ಮೂರು ಬೆರಳ ತುದಿ ಕೂಡಿಸಿದರೆ 7, ಹೆಬ್ಬೆರಳು-ತೋರುಬೆರಳು ಚಾಚಿದರೆ 8, ತೋರುಬೆರಳು ಕೊಕ್ಕೆಯಾದರೆ 9, ಮುಷ್ಟಿ ಹಿಡಿದರೆ 10. ನೀವೂ ಹಾಗೇ ತೋರಿಸಬೇಕೆಂದರೆ ಬೆರಳೆಲ್ಲ ಒಟ್ಟಿಗೆ ಮುಚ್ಚುವ ದಪ್ಪ ಗ್ಲೌಸಿನ ಒಳಗೆ ಬೆರಳು ಬೇರೆಬೇರೆ ಇರುವ ತೆಳು ಗ್ಲೌಸ್ ಇನ್ನೊಂದು ಜೊತೆ ಹಾಕಿಕೊಂಡಿರಿ.