ಎರಡು ಸೀಸನ್ ಆಡಲಿ, ಆಮೇಲೆ ಕೊಡಲಿ

ಹೊಸ ಲೀಗಿನ ಚಾಂಪಿಯನ್‌ಗೆ ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ನಡೆಸೋ ಐಸ್ ಹಾಕಿ ಟೂರ್ನಿಗೆ ನೇರ ಪ್ರವೇಶ ಕೊಟ್ಟರೆ ಒಂದು ಜಾಗ ದಂಡ ಅನ್ನುವ ವಾದ ನಾನಂತೂ ಒಪ್ಪಲ್ಲ. 2009ರಲ್ಲಿ ಬೆಮಿಡ್ಜಿ ಸ್ಟೇಟ್ ಅನ್ನೋ ಸಣ್ಣ ವಿಶ್ವವಿದ್ಯಾಲಯದ ತಂಡ ಏನು ಮಾಡಿತು ನೆನಪಿದೆಯಾ? ಅವರ ಸಿಎಚ್‌ಎ (ಕಾಲೇಜ್ ಹಾಕಿ ಅಮೆರಿಕ) ಲೀಗಿನಲ್ಲಿ ಆಗ ಉಳಿದಿದ್ದೇ ನಾಲ್ಕು ತಂಡ, ಲೀಗ್ ಗೆದ್ದು ತಮ್ಮ ವಿಭಾಗದ ಕೊನೆಯ ಸೀಡ್ (ಶ್ರೇಯಾಂಕದಲ್ಲಿ ಕಡೆಯ ತಂಡ) ಆಗಿ ಬಂದವರು ನೋಟ್ರ ಡೇಮ್‌ನ 5-1, ಕಾರ್ನೆಲ್‌ನ 4-1ರಿಂದ ಸೋಲಿಸಿ ಸೀದಾ ಫ್ರೋಜನ್ ಫೋರ್‌ಗೆ, ಅಂದರೆ ಟೂರ್ನಿಯ ಸೆಮಿಫೈನಲ್‌ಗೆ, ಹೋದರು. ಬರೀ ರ‍್ಯಾಂಕಿಂಗ್ ನೋಡಿ ಕರೆಯೋದಾದರೆ ಇಂಥವರನ್ನು ಯಾರು ಕರೀತಾರೆ? ದೊಡ್ಡ ಕಾಲೇಜುಗಳು ಸಣ್ಣವರ ರಿಂಕಿಗೆ ಹೋಗಿ ಆಡೋದೇ ಕಮ್ಮಿ, ಮತ್ತೆ ರ‍್ಯಾಂಕಿಂಗ್ ಏರೋದು ಹೇಗೆ ಹೇಳಿ. ಹಾಗಂತ ಲೀಗ್ ಶುರುವಾದ ವರ್ಷವೇ ಕೊಡಿ ಅಂತಲ್ಲ. ಎರಡು ಸೀಸನ್ ಆಡಲಿ, ಕಡೇಪಕ್ಷ ಆರು ತಂಡ ನಿಲ್ಲಲಿ. ಅದೇ ಸಿಎಚ್‌ಎ ಪುರುಷರ ಲೀಗ್ ತಂಡಗಳಿಲ್ಲದೆ 2010ಕ್ಕೇ ಮುಚ್ಚಿಹೋಯಿತು ಅಲ್ವಾ.