ಸತ್ಯಾಂಶ: ಮೊಬೈಲ್ ಲಾಕ್ ತೆಗೆಯದಿದ್ದರೆ ಅಲ್ಲೇ ಅರೆಸ್ಟ್ ಮಾಡ್ತಾರಾ?

ದಾವಣಗೆರೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಹೊಸ ಕಾನೂನು ಬಂದಿದೆಯಂತೆ, ಜಯದೇವ ಸರ್ಕಲ್‌ನಲ್ಲಿ ಪೊಲೀಸರು ಬೈಕ್ ನಿಲ್ಲಿಸಿ ಕೇಳಿದರೆ ಮೊಬೈಲ್ ಲಾಕ್ ತೆಗೆದು ಕೊಡಲೇಬೇಕಂತೆ, ಇಲ್ಲದಿದ್ದರೆ ಅಲ್ಲೇ ಅರೆಸ್ಟ್ ಅಂತೆ.

ಇದು ಸುಳ್ಳು. 2024ರ ಜುಲೈ 1ರಂದು ಜಾರಿಗೆ ಬಂದ, ತನಿಖೆ ಮತ್ತು ಬಂಧನದ ನಿಯಮಗಳಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಂದರೆ ಬಿಎನ್‌ಎಸ್‌ಎಸ್‌ನಲ್ಲಿ ಇಂಥ ನಿಯಮ ಇಲ್ಲ. ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ 2021ರಲ್ಲೇ ಸ್ಪಷ್ಟವಾಗಿ ಹೇಳಿದೆ: ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಕೊಡಲ್ಲ ಅಂದರೆ ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ತರಬೇಕು. ತೀರಾ ತುರ್ತು ಇದ್ದರೆ ವಾರಂಟ್ ಇಲ್ಲದೆಯೂ ಹುಡುಕಬಹುದು, ಆದರೆ ಕಾರಣ ಬರೆದಿಡಬೇಕು.

ಹಾಗಂತ ಪೊಲೀಸರು ಮೊಬೈಲ್ ಮುಟ್ಟಲೇಬಾರದು ಅನ್ನೋ ಮೆಸೇಜೂ ಸರಿಯಲ್ಲ. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಆಗಲ್ಲ ಅಂತ ಅದೇ ತೀರ್ಪು ಹೇಳುತ್ತದೆ. ಕೋರ್ಟ್ ಆದೇಶ ಬಂದ ಮೇಲೂ ಸುಮ್ನೆ ಹಟ ಹಿಡಿದರೆ ಕೇಸಿನಲ್ಲಿ ನಮಗೇ ತೊಂದರೆ ಜಾಸ್ತಿ.

ನಿಜವಾಗಿ ಗಮನಿಸಬೇಕಾದದ್ದು ಜಪ್ತಿ ಮಾಡುವ ರೀತಿಯನ್ನು, ಅಲ್ವಾ? ಬಿಎನ್‌ಎಸ್‌ಎಸ್ ಸೆಕ್ಷನ್ 105ರ ಪ್ರಕಾರ ಹುಡುಕಾಟ, ಜಪ್ತಿ, ಪಟ್ಟಿ ಬರೆದು ಸಾಕ್ಷಿಗಳ ಸಹಿ ಹಾಕಿಸುವುದು, ಎಲ್ಲವನ್ನೂ ವಿಡಿಯೋ ಮಾಡಬೇಕು. ಮೊಬೈಲನ್ನು ನೆಟ್‌ವರ್ಕ್ ಸಿಗದ ಫ್ಯಾರಡೇ ಚೀಲದಲ್ಲಿ ಇಡಬೇಕು ಅಂತ ಹೈಕೋರ್ಟ್ ಹೇಳಿದೆ, ಏಕೆಂದರೆ ಸಿಗ್ನಲ್ ಇದ್ದರೆ ಒಳಗಿನ ಡೇಟಾ ದೂರದಿಂದಲೇ ಅಳಿಸಿಹೋಗಬಹುದು. ಜಪ್ತಿ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ, ಐಎಂಇಐ ನಂಬರ್ (ಪ್ರತಿ ಮೊಬೈಲಿಗೂ ಇರುವ ಗುರುತಿನ ಸಂಖ್ಯೆ) ಸರಿಯಾಗಿ ಬರೆದಿದ್ದಾರಾ ನೋಡಿ.