ಅವರಿಗೆ ನೀವು ಏನಾಗಬೇಕು?

ಆರನೇ ಕ್ಲಾಸಿನ ಒಂದು ಕನ್ನಡ ಪೀರಿಯಡ್ ನನಗೆ ಇನ್ನೂ ನೆನಪಿದೆ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ. ಮೂರನೆಯದಕ್ಕೆ ಮೇಷ್ಟ್ರು ಬೋರ್ಡಿನ ಮೇಲೆ ಮರ, ಕಲ್ಲು, ಮನೆ, ಹಸು ಅಂತ ಬರೆದರು. ಹಿಂದಿನ ಬೆಂಚಿನಿಂದ ಯಾರೋ ನನ್ನ ಹೆಸರನ್ನೂ ಕೂಗಿ ಸೇರಿಸಿದರು. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕರು. ನಾನು ನಡೆಯುವ ರೀತಿ, ಮಾತಾಡುವಾಗ ಕೈ ಆಡಿಸುವ ರೀತಿ ಅವರಿಗೆ ಅಷ್ಟು ಸಾಕಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಆ ಪದ ನನ್ನ ಬೆನ್ನು ಬಿಡಲಿಲ್ಲ.

ಮುಂದೆ ಅದೇ ಕನ್ನಡ ವ್ಯಾಕರಣವೇ ನನ್ನ ಕೈ ಹಿಡಿಯಿತು. ಹಿಂದಿಯಲ್ಲಿ ‘ನಾನು ಹೋಗ್ತೀನಿ’ ಅನ್ನೋದಕ್ಕೂ ಗಂಡೋ ಹೆಣ್ಣೋ ಅಂತ ಹೇಳಲೇಬೇಕು. ಗಂಡಾದರೆ ‘ಜಾತಾ’, ಹೆಣ್ಣಾದರೆ ‘ಜಾತೀ’. ನಮ್ಮ ‘ಹೋಗ್ತೀನಿ’ ಅದನ್ನು ಕೇಳುವುದೇ ಇಲ್ಲ. ‘ನೀನು ಬಂದೆ’ ಅನ್ನುವಾಗಲೂ ಕೇಳುವುದಿಲ್ಲ. ಮೂರನೆಯವರ ಬಗ್ಗೆ ಮಾತಾಡುವಾಗ ಮಾತ್ರ ‘ಅವನು’, ‘ಅವಳು’ ಬರುತ್ತವೆ. ಅಲ್ಲೂ ‘ಅವರು’ ಅನ್ನುವ ದಾರಿ ಇದೆ. ನಮ್ಮ ಭಾವ ಅಮ್ಮನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಆದರೂ ಮನೆ ಅಳಿಯ ಅಲ್ವಾ, ಅಮ್ಮನ ಬಾಯಲ್ಲಿ ಯಾವತ್ತೂ ‘ಅವರು’. ಕಾಲೇಜಿನಲ್ಲಿ ನನ್ನ ಮೊದಲ ಪ್ರೀತಿಯ ಬಗ್ಗೆ ಗೆಳೆಯರ ಹತ್ತಿರ ಎರಡು ವರ್ಷ ಮಾತಾಡಿದ್ದೂ ಈ ‘ಅವರು’ ಇದ್ದಿದ್ದರಿಂದಲೇ. ‘ಅವರು ಫೋನ್ ಮಾಡಿದ್ರು’, ‘ಅವರಿಗೆ ಹುಷಾರಿಲ್ಲ’. ಒಂದು ಸುಳ್ಳನ್ನೂ ಹೇಳದೆ ನಾನು ನನ್ನ ಪ್ರೀತಿಯ ಮಾತಾಡಿದೆ.

ಅಮ್ಮನಿಗೆ ಹೇಳುವಾಗ ಮಾತ್ರ ಕನ್ನಡ ಸಾಕಾಗಲಿಲ್ಲ.

2016ರಲ್ಲಿ ಇರಬೇಕು. ತಿಪಟೂರಿನ ನಮ್ಮ ಮನೆಯ ಟಿವಿಯಲ್ಲಿ ‘ನಾನು ಅವನಲ್ಲ ಅವಳು’ ಸಿನಿಮಾ ಬರುತ್ತಿತ್ತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವಳ ಕಥೆ, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಪೂರ್ತಿ ನೋಡಿದಳು. ರಾತ್ರಿ ಊಟಕ್ಕೆ ಬಡಿಸುವಾಗ ಮೆಲ್ಲಗೆ ಕೇಳಿದಳು. “ನೀನೂ ಹಂಗೇನಾ ಮಗಾ? ಸೀರೆ ಉಡ್ಬೇಕು ಅನ್ಸುತ್ತಾ ನಿಂಗೆ?”

“ಇಲ್ಲಮ್ಮ. ನಾನು ಗಂಡಸೇ. ಆದ್ರೆ ನಂಗೆ ಹುಡುಗೀರ ಮೇಲೆ ಮನಸ್ಸಾಗಲ್ಲ. ಹುಡುಗರ ಮೇಲೆ ಆಗುತ್ತೆ.”

ಹತ್ತು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೀಗೆ ಹೊರಗೆ ಬಂತು. ಆ ಚಿತ್ರಕ್ಕೆ ನಾನು ಋಣಿ. ಅಮ್ಮನ ಬಾಯಿಗೆ ಒಂದು ಪ್ರಶ್ನೆಯನ್ನಾದರೂ ಕೊಟ್ಟಿತು. ಆದರೆ ನನ್ನಂಥವನ ಕಥೆಯನ್ನು ಅವಳು ಅದುವರೆಗೆ ಕನ್ನಡದ ತೆರೆಯ ಮೇಲೆ ನೋಡಿರಲೇ ಇಲ್ಲ. ಅವಳು ನೋಡಿದ್ದು ಕಾಮಿಡಿ ಸೀನಿನಲ್ಲಿ ಹೀರೋನ ಮೈಮೇಲೆ ಬೀಳಲು ಬಂದು ಒದೆ ತಿಂದು ಹೋಗುವವನನ್ನು ಮಾತ್ರ. ಅವನಿಗೆ ಮನೆ ಇಲ್ಲ, ಕೆಲಸ ಇಲ್ಲ, ತಾಯಿಯೂ ಇಲ್ಲ. ತನ್ನ ಮಗ ಅವನಾಗಲು ಸಾಧ್ಯವೇ ಇಲ್ಲ ಅಂತ ಯಾವ ಅಮ್ಮನಿಗಾದರೂ ಅನಿಸುತ್ತದೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. 377ನೇ ಸೆಕ್ಷನ್ ನಮ್ಮನ್ನು ಇನ್ನು ಅಪರಾಧಿಗಳು ಅನ್ನುವ ಹಾಗಿರಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮರುದಿನ ಬೆಳಿಗ್ಗೆ ಅಮ್ಮನ ಫೋನು. ಖುಷಿಯ ಮಾತು ನಿರೀಕ್ಷಿಸಿದ್ದೆ. ಅವಳ ದನಿ ಸಣ್ಣಗಿತ್ತು. “ಪೇಪರ್ ನೋಡ್ದೆ. ನಿಂಗೆ ಅದೇನೋ ಪದ ಹಾಕಿದ್ದಾರಲ್ಲೋ. ಅಪ್ಪ ಆ ಪುಟ ಮಡಚಿ ಇಟ್ಬಿಟ್ರು.”

‘ಸಲಿಂಗಕಾಮ’. ದಪ್ಪ ಅಕ್ಷರದಲ್ಲಿ, ಮುಖಪುಟದಲ್ಲಿ.

ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವ ಗೆಳೆಯರೇ, ಇದನ್ನು ನಿಮಗೇ ಹೇಳುತ್ತಿದ್ದೇನೆ. ನನ್ನ ಅಕ್ಕ ಭಾವನಿಗೆ ಮದುವೆಯಾಗಿ ಹದಿನೆಂಟು ವರ್ಷ. ಅವರನ್ನು ಯಾರೂ ಇವತ್ತಿನವರೆಗೆ ‘ಕಾಮಿಗಳು’ ಅಂದಿಲ್ಲ. ಗಂಡು ಹೆಣ್ಣು ಜೊತೆಗಿದ್ದರೆ ಅದು ಸಂಸಾರ. ನಾವು ಜೊತೆಗಿದ್ದರೆ ಮಾತ್ರ ಕಾಮ. ಬಾಡಿಗೆ ಕಟ್ಟುವುದು, ಗ್ಯಾಸ್ ಬುಕ್ ಮಾಡುವುದು, ನೀರು ಬರುವ ಹೊತ್ತಿಗೆ ಎದ್ದು ಸಂಪ್ ತುಂಬಿಸುವುದು, ಜ್ವರ ಬಂದಾಗ ಗಂಜಿ ಮಾಡುವುದು, ಇದೆಲ್ಲ ಆ ಪದದೊಳಗೆ ಎಲ್ಲಿದೆ? ‘ಸಲಿಂಗಿ’ ಅನ್ನಬಹುದು, ‘ಸಲಿಂಗಪ್ರೇಮಿ’ ಅನ್ನಬಹುದು, ಸುಮ್ನೆ ‘ಗೇ’ ಅಂತಲೂ ಬರೆಯಬಹುದು. ನಮ್ಮನ್ನೇ ಕೇಳಿ ಬರೆಯಬಹುದು.

ಹೆಸರು ಅಂದರೆ ಅಷ್ಟು ದೊಡ್ಡ ವಿಷಯವಾ ಅಂತ ಕೇಳುವವರಿಗೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬ್ರಿಟಿಷರು 1860ರಲ್ಲಿ 377 ಬರೆದರು. 1871ರಲ್ಲಿ ಇನ್ನೊಂದು ಕಾಯ್ದೆ ಮಾಡಿ, ಹಿಜ್ರಾಗಳನ್ನು ‘ಯೂನಕ್’, ಅಂದರೆ ನಪುಂಸಕ, ಅಂತ ಕರೆದು ಅವರ ಹೆಸರಿನ ಪಟ್ಟಿ ಇಡಿಸಿದರು. ಸ್ವಾತಂತ್ರ್ಯ ಬಂತು, ಆ ಕಾಯ್ದೆ ಹೋಯಿತು. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಸೆಕ್ಷನ್ ಸೇರಿಸಿದಾಗ ಅದೇ ಪದ, ಅದೇ ಪಟ್ಟಿ ವಾಪಸ್ ಬಂದವು. ಸಮುದಾಯದವರು ಹೈಕೋರ್ಟಿಗೆ ಹೋಗಿ ಹೋರಾಡಿದ ಮೇಲೆ ಆ ಪದ ಅಲ್ಲಿಂದ ಹೋಯಿತು. ಒಂದು ಕೆಟ್ಟ ಹೆಸರು ಪೊಲೀಸಿನವರ ಕೈಗೆ ಲಾಠಿಯ ಜೊತೆ ಇನ್ನೊಂದು ಲಾಠಿ ಕೊಡುತ್ತದೆ. ಈಗ ಅದೇ ಸರ್ಕಾರದ ಆದೇಶಗಳಲ್ಲಿ ‘ಲಿಂಗತ್ವ ಅಲ್ಪಸಂಖ್ಯಾತರು’ ಅಂತ ಇರುತ್ತದೆ. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್ ಸಮುದಾಯದವರಿಗೆ ಶೇಕಡ 1ರಷ್ಟು ಮೀಸಲಾತಿ ಬಂತು. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಟ್ರಾನ್ಸ್ ಹೆಣ್ಣುಮಕ್ಕಳಿಗೂ ಟಿಕೆಟ್ ಹಣ ಇಲ್ಲ. ಪದ ಬದಲಾದರೆ ಎಲ್ಲವೂ ಬದಲಾಗುತ್ತದೆ ಅಂತ ಹೇಳುತ್ತಿಲ್ಲ. ಹೋರಾಡಿದವರು ಪದವನ್ನೂ ಬಿಡಲಿಲ್ಲ, ಹಕ್ಕನ್ನೂ ಬಿಡಲಿಲ್ಲ.

‘ಇದೆಲ್ಲ ಇಂಗ್ಲಿಷ್ ಓದಿದವರದ್ದು, ನಮ್ಮ ನೆಲದ್ದಲ್ಲ’ ಅನ್ನುವವರು ನನ್ನ ಗೆಳೆಯರಲ್ಲೇ ಇದ್ದಾರೆ. ಅವರು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ, ಗಂಡಾಗಿ ಹುಟ್ಟಿ ದೇವಿಯ ಹೆಸರಲ್ಲಿ ಸೀರೆ ಉಟ್ಟು ಬದುಕುವ ಜೋಗಪ್ಪಂದಿರನ್ನು ನೋಡಬೇಕು. 2021ರ ನವೆಂಬರ್‌ನಲ್ಲಿ ಜೋಗತಿ ನೃತ್ಯದ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಳ್ಳುವ ಮುಂಚೆ ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ, ಆ ವಿಡಿಯೋ ಇನ್ನೊಮ್ಮೆ ನೋಡಿ. ಅದರಲ್ಲಿ ಯಾವ ಇಂಗ್ಲಿಷ್ ಇದೆ? ಬೆಂಗಳೂರಿನಲ್ಲಿ 2008ರಿಂದ ನಡೆಯುವ ಪ್ರೈಡ್ ಮೆರವಣಿಗೆಗೂ ‘ನಮ್ಮ ಪ್ರೈಡ್’ ಅಂತಲೇ ಹೆಸರು.

ಇನ್ನೊಂದು ಕಡೆಯ ನೋವನ್ನೂ ಹೇಳಬೇಕು. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಹೋದ ನಮ್ಮಂಥವರ ಭೇಟಿಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಮೂರು ತಿಂಗಳು ಮೂಲೆಯಲ್ಲಿ ಕೂತು ಎದ್ದು ಬಂದೆ. ನನ್ನಂಥವರ ನಡುವೆ ಕೂತೂ ಒಂಟಿಯಾಗಿರುವುದು ತುಂಬಾ ಸಂಕಟ. ಕೊನೆಗೆ ಒಂದು ದಿನ ಪಕ್ಕದಲ್ಲಿ ಕೂತವನು ‘ಚಹಾ ಕುಡ್ಯೋಣೇನ್ರೀ?’ ಅಂದ. ಧಾರವಾಡದವನು. ಹನ್ನೊಂದು ವರ್ಷದಿಂದ ನಾವು ಒಂದೇ ಮನೆಯಲ್ಲಿದ್ದೇವೆ.

2022ರಲ್ಲಿ ಅವನಿಗೆ ಅಪೆಂಡಿಕ್ಸ್ ಆಯಿತು. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಸೇರಿಸಿದೆ. ಆಪರೇಷನ್ನಿಗೆ ಸಹಿ ಬೇಕು ಅಂದರು.

“ಮನೆಯವರು ಯಾರಾದ್ರೂ ಇದ್ದಾರಾ?”

“ನಾನೇ.”

“ಅವರಿಗೆ ನೀವು ಏನಾಗ್ಬೇಕು?”

ಬಾಯಿ ಕಟ್ಟಿಹೋಯಿತು. ‘ಸ್ನೇಹಿತ’ ಅಂದೆ. ಮನೆಯವರನ್ನೇ ಕರೆಸಿ ಅಂದರು. ಅವನ ಅಣ್ಣ ಧಾರವಾಡದಿಂದ ಬರುವಷ್ಟರಲ್ಲಿ ಬೆಳಗಾಗಿತ್ತು. ಅಷ್ಟು ಹೊತ್ತು ಅವನು ನೋವಿನಲ್ಲಿ ನನ್ನ ಕೈಯನ್ನೇ ಹಿಡಿದುಕೊಂಡಿದ್ದ.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ನಮ್ಮ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಅದು ಶಾಸನ ಮಾಡುವವರ ಕೆಲಸ ಅಂದಿತು. ಮುಂದಿನ ವರ್ಷ ಚುನಾವಣೆಗೆ ವೋಟು ಕೇಳಲು ನಮ್ಮ ಬೀದಿಗೆ ಬಂದವರನ್ನು ಇದರ ಬಗ್ಗೆ ಕೇಳಿದೆ. ‘ನಿಮ್ಮೋರ್ದು ಎಷ್ಟು ವೋಟಿದೆ ಸಾರ್?’ ಅಂದರು. ನನ್ನ ಅಮ್ಮನದು, ಅಕ್ಕನದು, ಭಾವನದು, ಎಲ್ಲ ಸೇರಿಸಿ ಲೆಕ್ಕ ಹಾಕಿ ಅಂದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ನಮ್ಮಂಥವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ತಿಳಿಸಿತು. ನಾವೂ ಹೋಗಿ ಖಾತೆ ತೆರೆದೆವು. ಬೇಕಿರುವುದರಲ್ಲಿ ಇದು ತುಂಬಾ ಸಣ್ಣದು. ಆದರೂ ಆ ಪಾಸ್‌ಬುಕ್ಕನ್ನು ದೇವರ ಮನೆಯಲ್ಲಿ ಇಟ್ಟಿದ್ದೇವೆ.

ಆಸ್ಪತ್ರೆಯ ಆ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರ ಇದೆ. ಅದು ಮೊದಲಿನಿಂದಲೂ ಕನ್ನಡದಲ್ಲೇ ಇತ್ತು. ಅಪ್ಪ ಅಮ್ಮನ ಬಗ್ಗೆ ಹೇಳುವಾಗ ‘ನಮ್ಮನೆಯವರು’ ಅನ್ನುತ್ತಾರೆ. ಅಮ್ಮ ಅಪ್ಪನ ಬಗ್ಗೆ ಹೇಳುವಾಗಲೂ ‘ನಮ್ಮನೆಯವರು’. ಗಂಡಿಗೂ ಅದೇ, ಹೆಣ್ಣಿಗೂ ಅದೇ. ಈಗ ತರಕಾರಿ ಅಂಗಡಿಯಲ್ಲಿ, ಓನರ್ ಆಂಟಿ ಹತ್ತಿರ, ಎಲ್ಲ ಕಡೆ ಅದನ್ನೇ ಹೇಳುತ್ತೇನೆ. ‘ನಮ್ಮನೆಯವರು ಊರಿಗೆ ಹೋಗಿದ್ದಾರೆ’. ಓನರ್ ಆಂಟಿ ಒಂದು ಕ್ಷಣ ಮುಖ ನೋಡಿದರು. ‘ಯಾವಾಗ ಬರ್ತಾರೆ?’ ಅಂದರು.

ಇಷ್ಟು ವರ್ಷ ಅಮ್ಮ ಅವನನ್ನು ‘ನಿನ್ ಫ್ರೆಂಡು’ ಅಂತಲೇ ಕರೆಯುತ್ತಿದ್ದಳು. ಮೊನ್ನೆ ಭಾನುವಾರ ಫೋನ್ ಮಾಡಿದ್ದಳು. ಮಳೆ, ತೆಂಗಿನಕಾಯಿ ರೇಟು, ಅಪ್ಪನ ಮಂಡಿನೋವು ಎಲ್ಲ ಮುಗಿದ ಮೇಲೆ ಕೇಳಿದಳು.

“ಅವರು ಊಟ ಮಾಡಿದ್ರಾ?”

ನಾನು ಫೋನನ್ನು ಅವನ ಕೈಗೆ ಕೊಟ್ಟೆ.